ಒಳಗೆ ಜಾಗ ಇದೆ

ಎಸ್.ಪಿ. ರೋಡಿನಲ್ಲಿ ನನ್ನ ಅಂಗಡಿಗೆ ಕಬ್ಬಿಣದ ಮೆಟ್ಟಿಲು.
ಮರಿಸ್ವಾಮಪ್ಪ ಸಿಪಿಯುವನ್ನು ಅಕ್ಕಿಮೂಟೆಯ ಹಾಗೆ
ಹೆಗಲಿಗೇರಿಸಿಕೊಂಡು ಹತ್ತಿ ಬಂದರು.
‘ನಿಂತುಬಿಡುತ್ತೆ ಕಣಮ್ಮ.’
ಯಾವಾಗ ಅಂದರೆ, ಜೇಬಿನಿಂದ ಒಂದು ಹಾಳೆ,
ಗೆರೆ ಎಳೆದ ಟ್ರಿಪ್ ಶೀಟು:

ಹೊರಟಿದ್ದು ೯.೧೦, ನಿಂತಿದ್ದು ೧೧.೩೨.
ಹೊರಟಿದ್ದು ೮.೪೦, ನಿಂತಿದ್ದು ೧೧.೦೧.
ಷರಾ: ಸ್ಟೇರಿಂಗ್ ತಿರುಗುವುದಿಲ್ಲ. ವೈಪರ್ ಅರ್ಧದಲ್ಲಿ.
ಹಾರ್ನ್ ಮಾತ್ರ ಒಂದೇ ಸಮ.

ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು.
ಡ್ರೈವರ್ ಸೀಟಿನಲ್ಲಿ ಒಂದು ದಿನವೂ ಕೂತವರಲ್ಲ.
ಈಗ ಸುಂಕದಕಟ್ಟೆಯ ಮಹಡಿ ಕೋಣೆಯಲ್ಲಿ
ಊಟವಾದ ಮೇಲೆ ಬಸ್ಸು ಓಡಿಸುತ್ತಾರೆ,
ಯಾವುದೋ ದೇಶದ ಹಿಮದಲ್ಲಿ,
ಹೆಸರು ಓದಲಾಗದ ಸ್ಟಾಪುಗಳಲ್ಲಿ ನಿಲ್ಲಿಸುತ್ತಾ.

ಮುಚ್ಚಳ ಬಿಚ್ಚಿದೆ. ಊದುಬತ್ತಿಯ ಬೂದಿ,
ಒಣಗಿ ಕಾಗದವಾದ ಒಂದು ಹಲ್ಲಿಮರಿ.
ಬ್ಲೋವರ್ ಹಿಡಿದೆ.
ಪ್ರೊಸೆಸರಿನ ಮೇಲೆ ಪೇಸ್ಟು ತಳಹಿಡಿದ ಗಂಜಿ;
ಕೆರೆದು ಹೊಸದು ಬಳಿದೆ.
ಮೆಮೊರಿ ಕಡ್ಡಿ ಕಿತ್ತು ಮಗಳ ರಬ್ಬರಿನಿಂದ ಉಜ್ಜಿದೆ.
ಮುನ್ನೂರೈವತ್ತು ರೂಪಾಯಿ.
ನಾಲ್ಕನೇ ದಿನ ಫೋನು: ‘ಹನ್ನೊಂದು ಐದು, ಮುಬೀನಾ.’

ಕರೆಂಟಿನ ಮೇಲೆ ಅನುಮಾನ ಬಂತು.
ಕಾವೇರಿ ನೀರು ಬಿಡುವ ರಾತ್ರಿ
ಇಡೀ ಬೀದಿಯ ಮೋಟರು ಒಮ್ಮೆಲೇ ಶುರುವಾಗುತ್ತದಲ್ಲ, ಅದು.
ಯುಪಿಎಸ್ ಇಟ್ಟೆ.
ನೀರು ಬಾರದ ರಾತ್ರಿಯೂ ನಿಂತಿತು.
ಡ್ರೈವರ್ ತಂತ್ರಾಂಶ ಹಳೆಯದಕ್ಕೆ ಇಳಿಸೋಣ ಅಂದಾಗ
‘ಡ್ರೈವರ್ ನಾನೇ’ ಅಂದು ನಕ್ಕರು. ಇಳಿಸಿದೆ. ನಿಂತಿತು.

ಕೊನೆಗೆ ಒಂದು ಶನಿವಾರ ಅಲ್ಲೇ ಹೋಗಿ ಕೂತೆ.
ಪುಟ್ಟತಾಯಮ್ಮ ಖಾರದ ಪುರಿ ಕೊಟ್ಟು ಮಲಗಲು ಹೋದರು.
ಫ್ಯಾನು ತಣ್ಣಗೆ ತಿರುಗುತ್ತಿತ್ತು, ಬಿಸಿಯಿಲ್ಲ.
ಪರದೆಯ ಮೂಲೆಯಲ್ಲಿ ಮೆಮೊರಿಯ ಲೆಕ್ಕ ತೆರೆದಿಟ್ಟು
ಅದನ್ನೇ ನೋಡಿದೆ.
ನಾಲ್ಕು. ಐದು.
ಹಿಮದ ಸೇತುವೆ ದಾಟಿದಾಗ ಆರು ಚಿಲ್ಲರೆ.
ಎಲ್ಲೂ ಇಳಿಯಲಿಲ್ಲ.

ಹೇಳಿದೆ: ದಾಟಿ ಬಂದ ಊರಿನ
ಮರ, ದೀಪ, ಸ್ಟಾಪಿನಲ್ಲಿ ನಿಂತ ಜನ
ಎಲ್ಲವನ್ನೂ ಈ ಆಟ ಮರೆತುಬಿಡಬೇಕು.
ಮರೆಯುತ್ತಿಲ್ಲ. ಒಳಗೇ ಇಟ್ಟುಕೊಂಡಿದೆ.
ಎಂಟಕ್ಕೆ ಬಂದರೆ ತುಂಬಿತು.

‘ಹತ್ತುತ್ತಾರೆ, ಇಳಿಸೋರಿಲ್ಲ ಅನ್ನು’ ಅಂದರು.
ರಸ್ತೆಯಿಂದ ಕಣ್ಣು ತೆಗೆಯದೆ,
‘ಇದನ್ನ ಬರೆದವನು ಒಂದು ದಿನ
ಮಾರ್ಕೆಟ್ ರೂಟಲ್ಲಿ ಡ್ಯೂಟಿ ಮಾಡಬೇಕಿತ್ತು.’

ಹನ್ನೊಂದೂ ಇಪ್ಪತ್ತನಾಲ್ಕು.
ಹಿಮ ಗಾಳಿಯಲ್ಲೇ ನಿಂತಿತು.
ಸ್ಟಾಪಿನಲ್ಲಿ ಕೊಡೆ ಹಿಡಿದ ಹೆಂಗಸು,
ಒಂದು ಕಾಲು ಮೆಟ್ಟಿಲ ಮೇಲೆ.
ನಾನು ಸಮಯ ಬರೆದುಕೊಂಡೆ.
ಮರಿಸ್ವಾಮಪ್ಪ ಅವಳನ್ನೇ ನೋಡುತ್ತಿದ್ದು,
ಮೆಲ್ಲಗೆ, ಹಳೇ ರೂಢಿಯಲ್ಲಿ,
‘ಹತ್ತಮ್ಮ. ಒಳಗೆ ಜಾಗ ಇದೆ’ ಅಂದರು.

ಆಮೇಲೆ ಅವರಿಗೇ ಕೇಳಿಸಿತೇನೋ.
ಕನ್ನಡಕ ತೆಗೆದು ಒರೆಸಿದರು.
‘ದಿನಾ ಹೇಳ್ತಿದ್ದೆ. ಯಾವತ್ತೂ ಇರ್ತಿರಲಿಲ್ಲ.’

ಇದು ನನ್ನ ಕೈಯಲ್ಲಿರುವ ರಿಪೇರಿಯಲ್ಲ.
ಮಾಡಿದವರು ಸರಿಪಡಿಸುವ ತನಕ
ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ, ಸೇವ್ ಮಾಡಿ,
ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ ಅಂದೆ.
ಟ್ರಿಪ್ ಶೀಟಿನಲ್ಲಿ ಒಂದು ಹೊಸ ಕಲಮು ಎಳೆದರು: ಡಿಪೋ.
ನೋಟುಗಳನ್ನು ಉದ್ದಕ್ಕೆ ಮಡಚಿ
ಬೆರಳ ಸಂದಿಯಿಂದ ಎಣಿಸಿ ಕೊಟ್ಟರು.
ಹತ್ತು ರೂಪಾಯಿ ಚಿಲ್ಲರೆ ನಾನೇ ಬಾಕಿ.

ಸೋಮವಾರ ಟೌನ್ ಹಾಲ್ ಮುಂದೆ, ರಾತ್ರಿ ಎಂಟೂವರೆ,
ಸೊನ್ನೆ ರೂಪಾಯಿ ಟಿಕೆಟು ಕೈಯಲ್ಲಿ,
ಬ್ಯಾಗಿನಲ್ಲಿ ಯಾರದೋ ಕೆಟ್ಟ ಹಾರ್ಡ್‌ಡಿಸ್ಕು.
‘ಒಳಗೆ ಹೋಗಿ, ಒಳಗೆ ಜಾಗ ಇದೆ’ ಅಂದ ಕಂಡಕ್ಟರು, ಹುಡುಗ.
ಇರಲಿಲ್ಲ.
ಅರ್ಧ ಹೆಜ್ಜೆ ಹೋದೆ.