ಬ-ಖರಾಬು

ಸರ್ವೆ ನಂಬರು ನೂರ ಹದಿನೇಳು.
ವಿಸ್ತೀರ್ಣ ಅರವತ್ತೆರಡು ಎಕರೆ ಒಂಬತ್ತು ಗುಂಟೆ.
ಬೆಳೆ ಇಲ್ಲ. ನೀರಾವರಿ ಇಲ್ಲ. ಕಂದಾಯ ಇಲ್ಲ.
ಷರಾ: ಬ-ಖರಾಬು, ಕಲ್ಲುಗುಡ್ಡ.

ಮುಳಬಾಗಿಲು ತಾಲ್ಲೂಕಿನ ಈ ಮೂಲೆಯಲ್ಲಿ
ಲೆಕ್ಕಿಗರ ಕುರ್ಚಿಗೆ ಬಂದು ಆರು ವರ್ಷ.
ಇದೇ ಷರಾ ಎಷ್ಟು ಸಲ ನಕಲು ತೆಗೆದುಕೊಟ್ಟೆನೋ,
ಒಂದು ಸಲವೂ ಗುಡ್ಡ ಹತ್ತಲಿಲ್ಲ.
ಖರಾಬನ್ನು ಯಾರು ಹತ್ತುತ್ತಾರೆ?

ಈಗ ಮೇಜಿನ ಮೇಲೆ ಎರಡು ಫೈಲು.
ತೆಳ್ಳಗಿನದು ಕ್ವಾರಿ ಗುತ್ತಿಗೆ, ಇಪ್ಪತ್ತು ವರ್ಷಕ್ಕೆ;
ನನ್ನಿಂದ ಒಂದೇ ಸಾಲು ಬೇಕು: ಆಕ್ಷೇಪಣೆ ಇಲ್ಲ.
ದಪ್ಪನೆಯದು ಕಡಲಾಚೆಯ ಯಾವುದೋ ಕಚೇರಿಯದು,
ನಲವತ್ತೊಂದು ಪುಟ.
"ಈ ತಾಣ ಇಡೀ ಮನುಕುಲಕ್ಕೆ ಏಕೆ ಮುಖ್ಯ? ವಿವರಿಸಿ."
ಕೆಳಗೆ ಖಾಲಿ ಬಿಟ್ಟಿದ್ದಾರೆ,
ಉಳಲು ಬರುವಷ್ಟು ಜಾಗ.

ಆ ಫೈಲಿನ ಹಿಂದೆಯೇ ಬಂದವಳು ಐಗುಲ್.
ಅವಳ ದೇಶಕ್ಕೆ ಸಮುದ್ರ ಇಲ್ಲವಂತೆ.
ನಮ್ಮ ಜಿಲ್ಲೆಗೆ ತುಂಬಿ ಹರಿಯುವ ಹೊಳೆಯೇ ಇಲ್ಲ, ಅಂದೆ.
ನಕ್ಕಳು. ಅಷ್ಟಕ್ಕೇ ನೆಂಟರಾದೆವು.

ಬಂಡೆಯ ಲೆಕ್ಕ ಅವಳು ಹೇಳಿದ್ದನ್ನು
ದುಭಾಷಿ ಹುಡುಗ ನಮ್ಮ ಅಂಕಿಗೆ ತಿರುಗಿಸಿದ:
ಇನ್ನೂರೈವತ್ತು ಕೋಟಿ...
ಕಚೇರಿಯ ತಲೆಗಳೆಲ್ಲ ಮೇಲೆದ್ದವು.
ವರ್ಷ, ಅಂತ ಮುಗಿಸಿದ.
ತಲೆಗಳು ಮತ್ತೆ ಬಗ್ಗಿದವು.

ದಾರಿ ತೋರಿಸಲು ಗಂಗುಲಪ್ಪ.
ಎಡಗೈಯಲ್ಲಿ ಎರಡೇ ಬೆರಳು,
ಉಳಿದವು ಈ ಗುಡ್ಡದಲ್ಲೇ ಎಲ್ಲೋ ಇವೆ.
ಗೆಣ್ಣಿನಿಂದ ತಟ್ಟಿದ: ಇಲ್ಲಿ ಕಂಚು, ಅಲ್ಲಿ ಮಡಕೆ.
"ಉಳಿ ಇಡೋಕೆ ಮುಂಚೆ ಕಿವಿ ಇಡಬೇಕು ಮೇಡಂ."
ನಾನೂ ಕಿವಿಯಿಟ್ಟೆ.
ಬಿಸಿ ಬಿಟ್ಟರೆ ಏನೂ ಕೇಳಲಿಲ್ಲ.

ಬಿರುಕಿನ ಕಲ್ಲತ್ತಿಯ ಮೇಲೆ ಆಗ
ಹಳದಿ ಕೊರಳಿನ ಪಿಕಳಾರ.
ಐಗುಲ್ ಉಸಿರು ಹಿಡಿದು ಕೂತುಬಿಟ್ಟಳು.
ದಕ್ಷಿಣದ ಈ ಬಂಡೆಗಳನ್ನು ಬಿಟ್ಟರೆ
ಭೂಮಿಯ ಮೇಲೆ ಅದಕ್ಕೆ ಬೇರೆ ವಿಳಾಸವಿಲ್ಲವಂತೆ;
ಉಳಿಯದೆ ಹೋಗಬಹುದಾದವರ ಪಟ್ಟಿಯಲ್ಲಿ
ಹೆಸರು ಬರೆದಾಗಿದೆಯಂತೆ.

"ಇದಾ?" ಅಂದ ಗಂಗುಲಪ್ಪ.
"ಮದ್ದು ತುಂಬಿ ಸೀಟಿ ಊದಿದರೆ
ಮೊದಲು ಇವು ಹಾರೋವು, ಆಮೇಲೆ ನಾವು ಓಡೋವು.
ವಾಪಸು ಬರೋರು ಮಾತ್ರ ನಾವೇ ಮೊದಲು.
ಇವು ಎಷ್ಟೋ ಸಲ ಬರಲೇ ಇಲ್ಲ."
ಆಮೇಲೆ ಕೇಳಿದ:
"ಪಟ್ಟಿಗೆ ಸೇರಿಸಿದ ಮೇಲೆ ನಾನು ಹತ್ತಬಹುದಾ?
ಟಿಕೀಟು ಇಡ್ತಾರಾ?
ಒಳಕಲ್ಲಿಗೆ ಒಂದು ತುಂಡು ಬೇಕಾದರೆ ಯಾರ ಕೈಕಾಲು ಹಿಡೀಬೇಕು?"
ದುಭಾಷಿ ತಡವರಿಸಿದ.
ಐಗುಲ್ ಬಹಳ ಹೊತ್ತಿನ ಮೇಲೆ ಹೇಳಿದಳು:
ನಮ್ಮ ಕುರಿಗಾಹಿಗಳೂ ಇದನ್ನೇ ಕೇಳಿದ್ದರು.
ಉತ್ತರ ಏನಾಯಿತೆಂದು ಹೇಳಲಿಲ್ಲ.

ಎಂಟನೇ ಪುಟ ಚಕ್ಕುಬಂದಿ. ಅದು ನನಗೆ ಬಾಯಿಪಾಠ.
ಪೂರ್ವಕ್ಕೆ ಮುನಿಚೌಡಮ್ಮನ ರಾಗಿ ಹೊಲ,
ಪಶ್ಚಿಮಕ್ಕೆ ಹೂಳು ತುಂಬಿದ ಕಾಲುವೆ,
ಉತ್ತರಕ್ಕೆ ಕೋಳಿಫಾರಂ,
ದಕ್ಷಿಣಕ್ಕೆ ಟಿಪ್ಪರುಗಳು ಕಾಯುವ ರಸ್ತೆ.
ಮೇಲಕ್ಕೆ ಏನು, ಕೆಳಕ್ಕೆ ಏನು
ಅವರೂ ಕೇಳಿಲ್ಲ, ನಮ್ಮ ಪಹಣಿಯೂ ಕೇಳುವುದಿಲ್ಲ.

ಹತ್ತೊಂಬತ್ತನೇ ಪುಟ: ತಾಣಕ್ಕಿರುವ ಅಪಾಯಗಳು.
ಬೆಂಕಿ, ಪ್ರವಾಹ, ಯುದ್ಧ, ಪ್ರವಾಸಿಗಳು,
ಒಂದೊಂದಕ್ಕೂ ಒಂದು ಚೌಕ.
ಕೊನೆಗೆ "ಇತರೆ", ಅದರ ಮುಂದೆ ಗೆರೆ.
ಪೆನ್ನು ಅಲ್ಲಿ ನಿಂತಿತು.
ಡ್ರಾಯರು ಎಳೆದರೆ ಸೀಲು, ಪಕ್ಕದಲ್ಲಿ ನೇರಳೆ ಪ್ಯಾಡು.
ಇನ್ನೂ ಒದ್ದೆಯಿತ್ತು.

ಖಾಲಿ ಜಾಗ ಖಾಲಿಯೇ ಇದೆ.
ಖರಾಬು ಎಂಬ ಮಾತನ್ನು
ಮನುಕುಲಕ್ಕೆ ಅರ್ಥವಾಗುವ ಹಾಗೆ ಬರೆಯಲು ನನಗೆ ಬರುವುದಿಲ್ಲ.
ತೆಳ್ಳಗಿನ ಫೈಲಿನ ಮೇಲೆ
ಗಂಗುಲಪ್ಪ ಕೊಟ್ಟ ಕಲ್ಲಿನ ಚಕ್ಕೆ ಇಟ್ಟಿದ್ದೇನೆ, ಹಾರದಿರಲಿ ಅಂತ.
ಸಾಹೇಬರು ದಿನಾ ಫೋನು: ಏನಾಯ್ತಮ್ಮ ಆ ವರದಿ?
ಸ್ಥಳ ಪರಿಶೀಲನೆ ಬಾಕಿ ಇದೆ ಸಾರ್, ಅನ್ನುತ್ತೇನೆ.
ಆರು ವರ್ಷದಿಂದ ಹೇಳುತ್ತಾ ಬಂದ ಸುಳ್ಳು,
ಈಗ ನಿಜ.
ಭಾನುವಾರ ನೀರಿನ ಬಾಟಲಿ ಹಿಡಿದು
ಮತ್ತೆ ಹೋಗುವವಳಿದ್ದೇನೆ.