ಲೋಟದ ನೀರು

ಠಾಕೂರ್‌ದ್ವಾರದ ಮುಚ್ಚಿದ ಪ್ರೆಸ್ಸಿನ ಅಟ್ಟದಲ್ಲಿ
ಭಾನುವಾರ ಹತ್ತಕ್ಕೆ ನಾವು ಏಳೆಂಟು ಜನ.
ಹಗ್ಗಕ್ಕೆ ಬಟ್ಟೆ ಕ್ಲಿಪ್ಪು, ಕ್ಲಿಪ್ಪಿಗೆ ಫೋಟೋ,
ಕೆಳಗೆ ಬಿಸ್ಕತ್ತಿನ ಹಳೆ ಡಬ್ಬಿ.
‘ಛಾನ್’ ಅಂದವರು ಅದಕ್ಕೆ ಐದು ರೂಪಾಯಿ ಹಾಕಬೇಕು.
ಪೆಡ್ನೇಕರರ ಕಾನೂನು.
ಮೂವತ್ತು ವರ್ಷ ಕತ್ತಲ ಕೋಣೆಯಲ್ಲಿ
ಬೇರೆಯವರ ಮದುವೆಗಳನ್ನು ತೊಳೆದ ಮನುಷ್ಯ,
ಉಗುರಿನಲ್ಲಿ ಇನ್ನೂ ಕಂದು.
“ಛಾನ್ ಅಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ.
ಮೊದಲು ಕಂಡದ್ದು ಹೇಳಿ. ಅನ್ನಿಸಿದ್ದು ಆಮೇಲೆ.”
ಡಬ್ಬಿ ತುಂಬಿದ ವಾರ ಕಾಂದಾ ಭಜಿ.

ನನ್ನದು ಸಸೂನ್ ಡಾಕಿನ ಬೆಳಗು.
ದೋಣಿ, ಹದ್ದು, ಮೋಡ, ಮಂಜುಗಡ್ಡೆಯ ಲಾರಿ,
ನಡುವೆ ಎಲ್ಲೋ ಒಬ್ಬ ಮೀನಿನಾಕೆ.
ಡೊಂಬಿವಲಿಯಿಂದ ನಾಲ್ಕೂವರೆಯ ಲೋಕಲ್ ಹಿಡಿದು ತೆಗೆದದ್ದು,
ಗಂಡನಿಗೆ ಹೇಳದೆ ಫ್ರೇಮಿಗೂ ಅಳತೆ ಕೊಟ್ಟಿದ್ದೆ.

ಅವರು ಮಾತಾಡಲಿಲ್ಲ. ಜೇಬಿನಿಂದ
ರಟ್ಟಿನ ಎರಡು ಮೂಲೆಮಟ್ಟ ತೆಗೆದು
ನನ್ನ ಆಕಾಶದ ಮೇಲೆ ಇಟ್ಟರು.
ಸರಿಸಿದರು. ಹದ್ದು ಹೋಯಿತು.
ಸರಿಸಿದರು. ದೋಣಿ ಹೋಯಿತು, ಲಾರಿ ಹೋಯಿತು,
ನಾಲ್ಕೂವರೆಯ ಲೋಕಲ್ಲೂ ಹೋಯಿತು.
ಅಂಚೆಚೀಟಿಯಷ್ಟಾಗಿ ಉಳಿದಳು ಆಕೆ.
“ನೀವು ಹೋದದ್ದು ಇವಳಿಗಾಗಿ. ಹೆದರಿ ದೂರ ನಿಂತಿರಿ.
ಇನ್ನೂ ಆರು ಹೆಜ್ಜೆ ಇತ್ತು.”

ಥ್ಯಾಂಕ್ಸ್ ಅಂದೆ, ನಾಲಿಗೆಯ ತುದಿಯಿಂದ.
ಘಾಟ್ಕೋಪರ್ ತನಕ ಕಿಟಕಿಯ ಜೊತೆ ಜಗಳ:
ಆರು ಹೆಜ್ಜೆಯಂತೆ! ಡಾಕು ಇವರಪ್ಪನದ್ದೇ?
ಥಾಣೆ ದಾಟಿದ ಮೇಲೆ ಕಣ್ಣು ಮುಚ್ಚಿ ಲೆಕ್ಕ ಹಾಕಿದೆ.
ಆರಲ್ಲ. ಎಂಟು.

ಗುರುವಾರ ಪ್ರಿಂಟು ಹಿಡಿದು ಆಕೆಯ ಮುಂದೆಯೇ ನಿಂತೆ,
ಮಂಜುಗಡ್ಡೆ ಕರಗಿದ ನೀರು ಚಪ್ಪಲಿಗೆ ನುಗ್ಗಿತು.
ನಾಗೂಬಾಯಿ ಅದನ್ನು ಅತ್ತಿತ್ತ ತಿರುಗಿಸಿ
ಮೂಸುವ ಹಾಗೆ ನೋಡಿ
“ಕೈ ಎಲ್ಲಿ ನಂದು?” ಅಂದಳು.
“ಪಾಪ್ಲೆಟ್ ಕಣ್ಣು ನೋಡು, ಮಂಕು.
ನೋಡಿದವರು ನಿನ್ನೆಯ ಮಾಲು ಅನ್ನುತ್ತಾರೆ.
ನನ್ನ ಧಂದೆ ಕೆಡಿಸ್ತೀಯಾ?”
ಬೈದು, ಅದನ್ನೇ ಮಡಚಿ, ದುಡ್ಡಿನ ಚೀಲಕ್ಕೆ ಇಟ್ಟುಕೊಂಡಳು.

ಇಷ್ಟೆಲ್ಲ ಕಲಿತವಳು ನಾನು
ಹೊಸ ಹುಡುಗಿಯ ಫೋಟೋ ಹಗ್ಗಕ್ಕೇರಿದಾಗ
ಎಲ್ಲರಿಗಿಂತ ಮೊದಲು ಬಾಯಿ ತೆರೆದೆ.
ನಿಲೋಫರ್, ಉಮರ್‌ಖಾಡಿಯವಳು, ನರ್ಸಿಂಗ್ ಕಲಿಯುತ್ತಾಳೆ.
ಫೋನಿನಲ್ಲಿ ತೆಗೆದ ಅಡುಗೆಮನೆ.
“ಓರೆಯಾಗಿದೆಯಲ್ಲಮ್ಮ. ಕಪಾಟು, ಕಿಟಕಿ, ಎಲ್ಲ ಎಡಕ್ಕೆ ಜಾರಿವೆ.
ಫೋನಿನಲ್ಲೇ ನೇರ ಮಾಡಬಹುದು, ಒಂದು ನಿಮಿಷದ ಕೆಲಸ.”
ದನಿಗೆ ಸಕ್ಕರೆ ಬೆರೆಸಿದ್ದೆ.
ಬೆರೆಸಿದ್ದು ನನಗೇ ಕೇಳಿಸಿತು.

ಅವಳು ತಲೆ ಎತ್ತಲಿಲ್ಲ.
“ಫೋನ್ ನೇರವೇ ಇತ್ತು, ಆಂಟಿ.
ಬಿಲ್ಡಿಂಗ್ ಓರೆ. ಹೊರಗಿನಿಂದ ಮರದ ಟೇಕು ಕೊಟ್ಟಿದ್ದಾರೆ,
ನಾನು ಹುಟ್ಟುವ ಮೊದಲಿಂದ.
ಲೋಟದ ನೀರು ನೋಡಿ.”

ನೋಡಿದೆ.
ಫ್ಯಾನು ತಿರುಗುವ ಸದ್ದು. ಯಾರೋ ಕೆಮ್ಮಿದರು.
ಪೆಡ್ನೇಕರರ ಮೂಲೆಮಟ್ಟ ಜೇಬಿನಲ್ಲೇ ಇತ್ತು.

ಪರ್ಸಿನಲ್ಲಿ ಐದರ ನಾಣ್ಯ ಹುಡುಕಿ ಡಬ್ಬಿಗೆ ಹಾಕಿದೆ.
ಠಣ್ ಎಂದಿತು, ಆ ವಾರ ಡಬ್ಬಿ ಖಾಲಿ.
“ದಂಡ ಕಟ್ಟಿದರೆ ಮುಗಿಯಲಿಲ್ಲ,” ಎಂದರು ಅವರು.
“ಕಂಡದ್ದು ಹೇಳಿ.”

ಕಪಾಟು ಎಡಕ್ಕೆ ವಾಲಿದೆ, ಎಂದೆ.
ಡಬ್ಬಿಗಳು ಜಾರದಂತೆ ಅಂಚಿಗೆ ಲಟ್ಟಣಿಗೆ ಕಟ್ಟಿದೆ.
ಸ್ಟವ್ವಿನ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು.
ಅಜ್ಜಿಯದ್ದಿರಬೇಕು, ಒಂದು ಮೊಣಕೈ...
“ಇರಬೇಕು ಬೇಡ.”
ಒಂದು ಮೊಣಕೈ. ಸುಕ್ಕು. ಹಸಿರು ಬಳೆ ಎರಡು.
ಗಾಜಿನ ಲೋಟ.
ಒಂದು ಕಡೆ ನೀರು ಕಂಠದ ತನಕ,
ಇನ್ನೊಂದು ಕಡೆ ಎರಡು ಬೆರಳು ಕೆಳಗೆ.
ಅಷ್ಟು ಹೊತ್ತೂ ಮರಾಠಿಯಲ್ಲಿ ಆಡುತ್ತಿದ್ದವಳಿಗೆ
ಮಾತು ಕನ್ನಡದಲ್ಲೇ ಬಂದುಬಿಟ್ಟಿತು:
ನೀರು ನೇರ.
ಯಾರಿಗೂ ಅರ್ಥವಾಗಲಿಲ್ಲ.
ಹುಡುಗಿ ತಲೆ ಎತ್ತಿದಳು.