ಹದ್ದುಬಸ್ತು

ಚೈನು ಸುತ್ತಿ ಮೂಲೆಗಿಟ್ಟ ಮೇಲೆ, ಭಾನುವಾರ,
ನನ್ನ ಪಾದವನ್ನೇ ಅಳೆಯುತ್ತೇನೆ, ದರ್ಜಿಯ ಟೇಪಿನಲ್ಲಿ.
ಎಡಗಾಲು ಒಂಬತ್ತೂಮುಕ್ಕಾಲು. ಬಲ ಒಂಬತ್ತೂಕಾಲು.
ಹುಟ್ಟಿದಾಗಿನಿಂದ ಇರುವ ಈ ಅರ್ಧ ಇಂಚಿನ ತಕರಾರು
ಯಾವ ಅಂಗಡಿಯವನ ದಾಖಲೆಯಲ್ಲೂ ಇಲ್ಲ.

ಚಿಂತಾಮಣಿ ಬಸ್‌ಸ್ಟ್ಯಾಂಡಿನೆದುರು ತಳ್ಳುಗಾಡಿಯಲ್ಲಿ
ನೂರಕ್ಕೆ ಮೂರು ಜೊತೆ ಸಿಗುತ್ತವೆ, ಗೊತ್ತು.
ನನ್ನಾಕೆ ಪ್ರತಿ ಸಲ ಲೆಕ್ಕ ಹೇಳುತ್ತಾಳೆ:
ಉಣ್ಣೆಗೆ ಇನ್ನೂರೈವತ್ತು, ಇಪ್ಪತ್ತು ರಾತ್ರಿ,
ಮೇಲೆ ನಿಮ್ಮ ಕತ್ತುನೋವಿನ ಮುಲಾಮು.
ಲೆಕ್ಕ ಸರಿಯಾಗಿಯೇ ಇದೆ. ನಾನೂ ಲೆಕ್ಕದವನೇ,
ರುಜು ಹಾಕು ಅಂದರೆ ಹಾಕುತ್ತೇನೆ.

ಕಲಿಸಿದವರು ಪಕ್ಕದ ಮನೆಯ ಸಲೋಮಿ ಸಿಸ್ಟರು,
ಕೋಲಾರದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ರಾತ್ರಿಪಾಳಿ.
ಕಣ್ಣಿಗೆ ಪೊರೆ ಬಂದಮೇಲೆ ಕಾಂಪೌಂಡಿನಾಚೆಯಿಂದ ಕರೆಯುವರು:
"ಸರ್ವೇಯರಪ್ಪಾ, ಒಂದು ಕಣ್ಣು ಜಾರಿತು, ಎತ್ತಿಕೊಡು."
ಹೆಣಿಗೆಯಲ್ಲಿ ಕುಣಿಕೆಗೂ ಕಣ್ಣು ಅನ್ನುವರೆಂದು ಆಗ ತಿಳಿಯಿತು.
ಎತ್ತಿಕೊಟ್ಟೆ. ಮಾರನೆಯ ದಿನ ಇನ್ನೊಂದು. ಆಮೇಲೆ ಒಂದು ಸಾಲು.
ಕಡ್ಡಿ ನನ್ನ ಹೆಸರಿಗೆ ಯಾವಾಗ ಖಾತೆಯಾಯಿತೋ
ಇಬ್ಬರಿಗೂ ನೆನಪಿಲ್ಲ.

ಐದು ಕಡ್ಡಿ. ಸೈಕಲ್ಲಿನವೇ,
ಬಾಬಾಜಾನ್ ಕತ್ತರಿಸಿ ತುದಿ ಮಸೆದುಕೊಟ್ಟದ್ದು.
ನಾಲ್ಕು ಚೌಕವಾಗಿ ನಿಲ್ಲುತ್ತವೆ, ಬಾಂದುಕಲ್ಲುಗಳ ಹಾಗೆ;
ಐದನೆಯದು ಸುತ್ತ ನಡೆಯುತ್ತದೆ, ನನ್ನ ಹಾಗೆ.
ಆದರೆ ನೋಡಿ, ಚೌಕದೊಳಗಿಂದ ಇಳಿಯುವುದು ದುಂಡು.
ಎಲ್ಲಿ ಶುರು, ಎಲ್ಲಿ ಮುಕ್ತಾಯ,
ಗುರುತಿಗೊಂದು ಕೆಂಪು ದಾರ ಕಟ್ಟದಿದ್ದರೆ
ನನಗೇ ಗೊತ್ತಾಗದು.
ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ಅಂಚಿಲ್ಲದ ಜಾಗ ನಾನು ಕಂಡದ್ದು ಇದೊಂದೇ.

ಕಣಕಾಲಿನಿಂದ ಇಳಿಯುತ್ತ, ಸೀದಾ ಎರಡು ಉಲ್ಟಾ ಎರಡು,
ಬಾಯಿ ತಾನಾಗಿ ಗೊಣಗುತ್ತದೆ.
ಹಿಮ್ಮಡಿ ಬಂತೆಂದರೆ ಮಾತ್ರ ಟೀವಿ ಆರಿಸಬೇಕು.
ಅಲ್ಲಿ ಸಾಲು ಪೂರ್ತಿ ಹೋಗುವುದಿಲ್ಲ,
ಅರ್ಧಕ್ಕೇ ನಿಂತು ಹಿಂದಿರುಗುತ್ತದೆ,
ಇನ್ನೊಂದು ಕಣ್ಣು ಕೂಡಿಸಿಕೊಂಡು ಮತ್ತೆ ಹೊರಡುತ್ತದೆ,
ಮುನಿಸಿಕೊಂಡು ಹೊಸಿಲು ದಾಟಿದವನು
ಕೊಡೆ ಮರೆತೆ, ಕನ್ನಡಕ ಮರೆತೆ ಎಂದು
ಮತ್ತೆ ಮತ್ತೆ ಒಳಬಂದ ಹಾಗೆ.
ಹೀಗೆ ಹೋಗಿಬರುವುದರಲ್ಲೇ
ಚಪ್ಪಟೆ ಹೆಣಿಗೆಗೆ ಒಂದು ಬಟ್ಟಲು ಮೂಡುತ್ತದೆ.
ಪ್ರತಿ ಸಲವೂ ಹೆಬ್ಬೆರಳು ತೂರಿಸಿ ನೋಡುತ್ತೇನೆ,
ನಂಬಿಕೆ ಬಾರದೆ.

ತಪ್ಪಿದರೆ? ಎಳೆದರೆ ಸಾಕು.
ಬಿಚ್ಚಿದ ಉಣ್ಣೆ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ
ತೊಡೆಯ ಮೇಲೆ ಬೀಳುತ್ತದೆ.
ತಹಸೀಲ್ದಾರರಿಲ್ಲ, ಮೇಲ್ಮನವಿಯಿಲ್ಲ, ವಾಯಿದೆಯಿಲ್ಲ.
ನಾನು ನೆಡಿಸಿದ ಕಲ್ಲುಗಳನ್ನೂ ಹೀಗೆ ಎಳೆಯುವಂತಿದ್ದರೆ
ಎರಡು ಮೂರು ಊರಿಗೆ ಈಗಲೂ ಹೋಗಿಬರುತ್ತಿದ್ದೆ.

ಹೋದ ಮಾರ್ಗಶಿರದಲ್ಲಿ, ಕೈವಾರದಾಚೆ,
ಆವಲಪ್ಪ, ಚಿಕ್ಕಪಿಳ್ಳಪ್ಪ, ಒಡಹುಟ್ಟಿದವರು.
ಜಗಳ ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ,
ನಡುವೆ ಮೂರು ಗುಂಟೆ ಹುರುಳಿ ಹೊಲ.
ಮುಳ್ಳು ಹೊಕ್ಕಿತೆಂದು ಬದುವಿನ ಮೇಲೆ ಕೂತು ಬೂಟು ಕಳಚಿದೆ.
ಸಾಸಿವೆ ಹೂವಿನ ಹಳದಿ; ಉಣ್ಣೆ ಸಾಲದೆ
ಬೆರಳ ತುದಿಗೆ ಮಾತ್ರ ಬದನೆಯ ಬಣ್ಣ.
ಆವಲಪ್ಪ ಬಗ್ಗಿ ನೋಡಿದ. "ಯಾರು ಹೆಣೆದಿದ್ದು ಸಾರ್?"
"ನಾನೇ."
ಚಿಕ್ಕಪಿಳ್ಳಪ್ಪ ಚೈನಿನ ತುದಿ ನೆಲಕ್ಕಿಟ್ಟು ಬಂದ.
"ನಮ್ಮ ತಾತ ತಕಲೀಲಿ ದಾರ ತೆಗೀತಿದ್ದ,
ಕುರಿ ಹಿಂದೆ ನಡೀತಾ ನಡೀತಾ."
"ನಡೀತಾ ಅಲ್ಲ, ನಿಂತ್ಕೊಂಡು," ಅಂದ ಅಣ್ಣ.
ಅದಕ್ಕೂ ಸ್ವಲ್ಪ ಹೊತ್ತು ಜಗಳವಾಯಿತು.
ಆಮೇಲೆ ಅಳೆದೆ. ಮೂರು ಗುಂಟೆ ಮೂರೇ ಗುಂಟೆ ಇತ್ತು,
ಅಣ್ಣನ ಕಡೆಗೆ.

ರಾತ್ರಿ ದೀಪದ ಕೆಳಗೆ ಕಾಲುಚೀಲ ಮಡಿಲಲ್ಲಿಟ್ಟು
ಉತ್ತರಾಣಿ ಬೀಜ ಒಂದೊಂದೇ ಕೀಳುತ್ತಿದ್ದೆ.
ಯಾವುದು ಯಾವ ಸರ್ವೆ ನಂಬರಿನದೋ.
ಎಡಗಾಲಿನದರಲ್ಲಿ ಕೊಂಚ ಹೆಚ್ಚಿದ್ದವು;
ಅದು ಅರ್ಧ ಇಂಚು ದೊಡ್ಡದಲ್ಲವೇ.